ಉತ್ತರ ಹೇಳದ ಮೇಷ್ಟ್ರು

ಪಂಚಾಕ್ಷರಿ ಮೇಷ್ಟ್ರು ನಮ್ಮ ಶಾಲೆಗೆ ಬಂದ ಮೊದಲ ವಾರವೇ ನನಗೂ ಅವರಿಗೂ ಜಗಳವಾಯಿತು. ಅದು ತೊಂಬತ್ತೈದರ ಜೂನ್ ತಿಂಗಳು. ಲಗ್ಗೆರೆಯ ಅಂಚಿನಲ್ಲಿ, ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ ಇದ್ದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ಹೆಡ್‌ಮಾಸ್ಟರು ನಿವೃತ್ತರಾಗಿ, ಅವರ ಜಾಗಕ್ಕೆ ಯಾರೂ ಬಾರದೆ, ಕನ್ನಡ ಪಾಠ ಮಾಡಿಕೊಂಡಿದ್ದ ನನ್ನ ತಲೆಗೆ ಇನ್‌ಚಾರ್ಜ್ ಕಟ್ಟಿದ್ದರು. ನಾನು ಆಫೀಸಿನಲ್ಲಿ ಕೂತು ಹಾಜರಿ ಲೆಕ್ಕ ಬರೆಯುತ್ತಿದ್ದರೆ ಆರನೆಯ ಕ್ಲಾಸಿನಿಂದ ಸಂತೆ ಗದ್ದಲ. ಹೋಗಿ ನೋಡಿದರೆ ಹೊಸ ಮೇಷ್ಟ್ರು ಮಕ್ಕಳ ನಡುವೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು ಕೂತಿದ್ದರು. ಬೋರ್ಡಿನ ಮೇಲೆ ಒಂದು ಅಕ್ಷರವೂ ಇರಲಿಲ್ಲ.

"ಏನ್ರೀ ಸಾರ್, ಪಾಠ ಮಾಡ್ತಿದ್ದೀರೋ, ಹರಟೆ ಹೊಡೀತಿದ್ದೀರೋ?" ಎಂದೆ.

"ಮಾತಾಡ್ತಿರೋರು ಮಕ್ಕಳು ಮೇಡಂ, ನಾನು ಕೇಳಿಸ್ಕೊಳ್ತಿದ್ದೀನಿ ಅಷ್ಟೆ" ಎಂದು ನಕ್ಕರು.

ನನಗೆ ಮೈ ಉರಿಯಿತು. ಸಂಬಳ ಎಣಿಸುವುದು ಪಾಠ ಹೇಳುವುದಕ್ಕೆ, ಕೇಳಿಸಿಕೊಳ್ಳುವುದಕ್ಕಲ್ಲ ಎಂದು ಮಕ್ಕಳೆದುರೇ ಅಂದುಬಿಟ್ಟೆ. ಅದಕ್ಕೂ ನಕ್ಕರು.

ಅವರು ಹರಿಹರದ ಕಡೆಯವರು. ಆಗ ನಲವತ್ತರ ಹತ್ತಿರ ವಯಸ್ಸು. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿ, ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಮೂರು ವರ್ಷ ಇದ್ದು, ಆಮೇಲೆ ತರಬೇತಿ ಮುಗಿಸಿ ಮೇಷ್ಟ್ರಾದವರು. ಹೆಂಡತಿ ಊರಿನಲ್ಲಿ ಅಂಗನವಾಡಿ ನೋಡಿಕೊಳ್ಳುತ್ತಿದ್ದರು. ಇವರು ಮಾಕಳಿಯಲ್ಲಿ ಒಂದು ರೂಮು ಮಾಡಿಕೊಂಡು ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದರು. ನಾನೂ ಮಾಕಳಿಯವಳೇ ಆದ್ದರಿಂದ ಬಸ್ಸಿನ ಕಿಟಕಿಯಿಂದ ದಿನವೂ ಅವರ ಬೆನ್ನು ಕಾಣುತ್ತಿತ್ತು.

ಲ್ಯಾಬಿಗೆ ಸೇರಿದ ಮೊದಲ ದಿನದ ಕಥೆಯನ್ನು ಅವರು ನನಗೆ ಎಷ್ಟು ಸಲ ಹೇಳಿದ್ದರೋ. ಮೇಲಿನವರು ಒಂದು ಸೀಸೆ ಕೊಟ್ಟು ಇದರಲ್ಲಿ ಏನಿದೆ ನೋಡು ಅಂದರಂತೆ. "ಫಾರ್ಮುಲಾ ಎಲ್ಲಾ ಬಾಯಿಗೆ ಬರ್ತಿತ್ತು ಮೇಡಂ. ಸೀಸೆ ಕೈಗೆ ಬಂದಾಗ ಎಲ್ಲಿಂದ ಶುರು ಮಾಡ್ಬೇಕು ಗೊತ್ತಾಗ್ಲಿಲ್ಲ. ಹದಿನೈದು ವರ್ಷ ಬೇರೆಯವರ ಉತ್ತರ ಉರು ಹೊಡೆದಿದ್ದೆ. ಒಂದು ಪ್ರಶ್ನೆಯೂ ನಂದಾಗಿರಲಿಲ್ಲ." ಆ ಅವಮಾನವೇ ಅವರನ್ನು ಮೇಷ್ಟ್ರ ಕೆಲಸಕ್ಕೆ ತಂದಿದ್ದು. ತಾವು ಮಾತ್ರ ಮಕ್ಕಳಿಗೆ ಉತ್ತರ ಹೇಳಿಕೊಡಬಾರದು ಎಂದು ಪಣ ತೊಟ್ಟಂತೆ ಇದ್ದರು. ಯಾವ ಮಗು ಏನೇ ಕೇಳಲಿ, "ನಿನಗೇನು ಅನ್ನಿಸ್ತದೆ?" ಎನ್ನುವರು. ಮಗು ಏನೋ ಒಂದು ಹೇಳಿದರೆ, "ಅದು ಸರಿಯೋ ತಪ್ಪೋ ಹೆಂಗೆ ತಿಳ್ಕೊಳ್ಳೋಣ?" ಎನ್ನುವರು. ಅಲ್ಲಿಂದ ಶುರುವಾದರೆ ವಾರಗಟ್ಟಲೆ ಅದೇ.

ಒಮ್ಮೆ ಕಾರ್ಖಾನೆ ಸೈರನ್ನು ನಮ್ಮ ಮೈದಾನದಲ್ಲಿ ಎರಡು ಸಲ ಯಾಕೆ ಕೇಳಿಸುತ್ತದೆ ಎಂದು ಒಬ್ಬಳು ಕೇಳಿದಳು. ಅವಳ ಹೆಸರು ಶರಣಮ್ಮ. ಲಿಂಗಸುಗೂರಿನಿಂದ ಕೆಲಸ ಹುಡುಕಿ ಬಂದ ಅಮರಪ್ಪನ ಮಗಳು. ಗೋಡೆಗೆ ಬಡಿದು ವಾಪಸ್ಸು ಬರುತ್ತಮ್ಮ ಎಂದು ಹೇಳಿದ್ದರೆ ಎರಡು ನಿಮಿಷದ ಕೆಲಸ. ಮೇಷ್ಟ್ರು ಎಂಟು ದಿನ ತೆಗೆದುಕೊಂಡರು. ಮಕ್ಕಳು ಮೈದಾನದ ಮೂಲೆ ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರು, ಹೆಜ್ಜೆ ಅಳೆದರು, ತಮ್ಮತಮ್ಮಲ್ಲೇ ಜಗಳವಾಡಿದರು. ಕೊನೆಗೆ ಶರಣಮ್ಮ ಮೈದಾನದಾಚೆಯ ಗೋಡೌನಿನ ಗೋಡೆಯ ಹತ್ತಿರ ಹೋಗುತ್ತ ಹೋಗುತ್ತ ಎರಡನೆಯ ಸದ್ದು ಮೊದಲನೆಯದರ ಹತ್ತಿರ ಬರುವುದನ್ನು ಕಂಡುಹಿಡಿದು, ಕೂಗಿಕೊಂಡು ಆಫೀಸಿಗೇ ಓಡಿ ಬಂದಳು. ಆ ಹುಡುಗಿಯ ಮುಖ ನೋಡಿ ನನ್ನ ಜಗಳಗಂಟಿ ಬಾಯಿಯೂ ಕಟ್ಟಿತು. ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೆ, ನನ್ನ ಯಾವ ಪಾಠ ಕೇಳಿಯೂ ಯಾವ ಮಗುವೂ ಹಾಗೆ ಓಡಿ ಬಂದಿರಲಿಲ್ಲ. ಹೊಟ್ಟೆಕಿಚ್ಚು ಪಟ್ಟೆ, ಅದನ್ನೇನು ಮುಚ್ಚಿಡುವುದು.

ಸುದ್ದಿ ಮೇಲಿನವರಿಗೂ ಮುಟ್ಟಿತು. ತೊಂಬತ್ತೇಳರ ಆಗಸ್ಟಿನಲ್ಲಿ ವಿಜ್ಞಾನದ ಪರಿವೀಕ್ಷಕರು ಬಂದು ಕ್ಲಾಸು ನೋಡಿ ಬೆನ್ನು ತಟ್ಟಿದರು. ಡಿಸೆಂಬರಿನಲ್ಲಿ ಜಿಲ್ಲೆಯ ಮೇಷ್ಟ್ರುಗಳ ಸಮಾವೇಶವಿದೆ, ಮಕ್ಕಳು ತಮ್ಮ ಸುತ್ತಲಿನ ಒಂದು ಸಮಸ್ಯೆಯನ್ನು ತಾವೇ ಬಿಡಿಸಿದ್ದನ್ನು ಚಾರ್ಟು ಮಾಡಿ ತನ್ನಿ ಅಂದರು. ಮೇಷ್ಟ್ರು ಸಮಸ್ಯೆ ಹುಡುಕತೊಡಗಿದರು. ಸೆಪ್ಟೆಂಬರಿನ ಮೂರನೆಯ ವಾರ ಸಮಸ್ಯೆ ತಾನಾಗಿಯೇ ಬಂತು.

ಶರಣಮ್ಮ ಆಗ ಏಳನೆಯ ಕ್ಲಾಸು. ಅಪ್ಪ ಅಮರಪ್ಪ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಸ್ಕೂಟರಿನ ಬಿಡಿಭಾಗಗಳಿಗೆ ಬೆಳ್ಳಿಯಂಥ ಹೊಳಪು ಹಾಕುವ ಶೆಡ್ಡು. ಅದು ಇದ್ದದ್ದು ಆಂಜಿನಪ್ಪನವರ ಜಾಗದಲ್ಲಿ. ಆಂಜಿನಪ್ಪ ಆ ಊರಿನ ಮೂಲದ ಒಕ್ಕಲು ಮನೆಯವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಶೆಡ್ಡು ಎಬ್ಬಿಸಿ ಬಾಡಿಗೆಗೆ ಕೊಟ್ಟು, ಪಕ್ಕದಲ್ಲೇ ಹತ್ತು ಮನೆಯ ವಠಾರ ಕಟ್ಟಿ, ಎರಡಕ್ಕೂ ಸೇರಿಸಿ ಒಂದು ಬೋರು ಕೊರೆಸಿದ್ದರು. ನಮ್ಮ ಶಾಲೆಯ ಬೆಟರ್‌ಮೆಂಟ್ ಕಮಿಟಿಗೂ ಅವರೇ ಅಧ್ಯಕ್ಷರು. ಅಮರಪ್ಪನ ಸಂಸಾರ ಆ ವಠಾರದ ಕೊನೆಯ ಮನೆಯಲ್ಲಿತ್ತು. ಹೆಂಡತಿ ಮಹಾಂತಮ್ಮ ಏಳು ತಿಂಗಳ ಬಸುರಿ. ಶರಣಮ್ಮನ ಮೇಲೆ ಹನ್ನೆರಡು ವರ್ಷಕ್ಕೆ ನಿಂತ ಬಸಿರು.

ಆ ದಿನ ಶರಣಮ್ಮ ಒಂದು ಬಾಟಲಿ ನೀರು ತಂದು ಮೇಷ್ಟ್ರ ಮೇಜಿನ ಮೇಲಿಟ್ಟಳು. "ಸರ್, ನಮ್ಮ ಬೋರಿನ ನೀರು ಯಾಕ ಹಳದಿ ಆಗ್ಯಾವ್ರಿ? ಮೊದ್ಲ ಹಿಂಗ ಇದ್ದಿದ್ದಿಲ್ಲ. ಅವ್ವಗ ಕುಡದ್ರ ಹೊಟ್ಟಿ ತೊಳಸ್ತೈತಂತ."

ಮೇಷ್ಟ್ರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರಂತೆ. ಆಮೇಲೆ ಎಂದಿನಂತೆ, "ನಿನಗೇನು ಅನ್ನಿಸ್ತದೆ?" ಎಂದರು.

ಮಧ್ಯಾಹ್ನ ಊಟದ ಹೊತ್ತಿಗೆ ಆ ಬಾಟಲಿಯನ್ನು ಸ್ಟಾಫ್ ರೂಮಿಗೆ ತಂದು ನನ್ನ ಮುಂದಿಟ್ಟರು. "ಇದು ಕ್ರೋಮ್ ಮೇಡಂ, ಪ್ಲೇಟಿಂಗಿಗೆ ಬಳಸ್ತಾರಲ್ಲ, ಅದು. ಈ ಬಣ್ಣ ಲ್ಯಾಬ್‌ನಲ್ಲಿ ಮೂರು ವರ್ಷ ನೋಡಿದ್ದೀನಿ, ಕಣ್ಣು ಮುಚ್ಚಿ ಹೇಳ್ತೀನಿ. ಶೆಡ್ಡಿನೋರು ಹಿಂದೆ ಗುಂಡಿ ತೋಡಿ ಸುರೀತಿದ್ದಾರೆ. ಅದು ಇಳಿದು ಬೋರಿಗೆ ಸೇರ್ತಿದೆ. ವಿಷ ಇದು."

"ಹಾಗಾದ್ರೆ ಹೋಗಿ ಹೇಳ್ರಿ ಆ ಮನೆಯವರಿಗೆ."

"ಹೇಳಿದ್ರೆ ಮುಗೀತಲ್ಲ. ನಾನು ಹೇಳಿದ್ದು ಒಬ್ಬ ಮೇಷ್ಟ್ರ ಮಾತಾಗ್ತದೆ. ಆಂಜಿನಪ್ಪೋರು ನಾಳೇನೇ ನನ್ನ ಎತ್ತಂಗಡಿ ಮಾಡಿಸ್ತಾರೆ, ನೀರು ಹಂಗೇ ಇರ್ತದೆ. ಮೂವತ್ತೊಂದು ಮಕ್ಕಳು ಮನೆ ಮನೆಗೆ ಹೋಗಿ ನೋಡಿ, ಅಳೆದು, ಬರೆದು ಕಂಡುಹಿಡಿದರೆ ಅದನ್ನ ಯಾರು ಅಳಿಸ್ತಾರೆ? ಇದಕ್ಕಿಂತ ದೊಡ್ಡ ಪಾಠ ಈ ಮಕ್ಕಳಿಗೆ ಜನ್ಮದಲ್ಲಿ ಸಿಗಲ್ಲ."

"ಅಲ್ಲಿವರೆಗೂ ಕುಡಿಯೋದು ಏನನ್ನ?"

ಅವರು ಬಾಟಲಿಯನ್ನು ಕೈಯಲ್ಲಿ ತಿರುಗಿಸುತ್ತ, "ಈಗಾಗ್ಲೇ ಎಷ್ಟೋ ದಿನದಿಂದ ಕುಡೀತಿದ್ದಾರೆ. ಇನ್ನೆರಡು ವಾರ. ಮಕ್ಕಳು ತಾವೇ ಬಂದು ಮುಟ್ತಾರೆ" ಎಂದರು.

ಆ ಮಾತು ಹೇಳುವಾಗ ಅವರ ಕಣ್ಣಿನಲ್ಲಿದ್ದ ಹೊಳಪು ನನಗೆ ಇವತ್ತಿಗೂ ನೆನಪಿದೆ. ಅದರಲ್ಲಿ ಕೆಟ್ಟತನವಿರಲಿಲ್ಲ. ಮಕ್ಕಳ ಮೇಲಿನ ಆಸೆ ಇತ್ತು. ಸಮಾವೇಶದ ಚಾರ್ಟೂ ಇತ್ತು. ಮೇಜಿನ ಮೇಲೆ ನಾನು ಮಾಕಳಿಯ ಬಾವಿಯಿಂದ ತುಂಬಿಸಿಕೊಂಡು ಬಂದ ನೀರಿನ ಬಾಟಲಿ ಇತ್ತು. ಅದನ್ನೇ ಕುಡಿದು ಎದ್ದೆ.

ನಾನು ಸುಮ್ಮನಿರಲಿಲ್ಲ. ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು. ಅವರ ಹಟ ಕಂಡು ಸಿಟ್ಟು ಬಂದು, ಸಂಜೆ ಶಾಲೆ ಬಿಡುವಾಗ ಶರಣಮ್ಮನನ್ನು ಗೇಟಿನ ಹತ್ತಿರ ನಿಲ್ಲಿಸಿ, "ನಿಮ್ಮಮ್ಮನಿಗೆ ಹಸಿ ನೀರು ಕೊಡಬೇಡ ಕಣೇ. ಚೆನ್ನಾಗಿ ಕುದಿಸು. ಕಷಾಯಕ್ಕೆ ಕುದಿಸ್ತೀವಲ್ಲ, ಅರ್ಧಕ್ಕೆ ಇಳಿಯೋವರೆಗೂ, ಹಾಗೆ. ಆರಿಸಿ ಕೊಡು" ಎಂದೆ. ಜ್ವರಕ್ಕೆ, ಭೇದಿಗೆ, ಯಾವುದಕ್ಕೇ ಆದರೂ ನಾವು ಮೇಷ್ಟ್ರುಗಳು ಹೇಳುವ ಮಾತು ಅದು. ವಿಷ ಎಂದು ಅವರು ಹೇಳಿದ್ದನ್ನು ಕೇಳಿಯೂ, ಕುದಿಸಿದರೆ ಎಲ್ಲವೂ ಸಾಯುತ್ತದೆ ಎಂದೇ ನನ್ನ ಬುದ್ಧಿ ನಂಬಿತ್ತು. ಮೇಷ್ಟ್ರನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಅವರ ಮುಂದೆ ಚಿಕ್ಕವಳಾಗುತ್ತೇನೆ ಎನ್ನಿಸಿತು, ಕೇಳಲಿಲ್ಲ. ಶರಣಮ್ಮ ದೊಡ್ಡ ಕೆಲಸ ಸಿಕ್ಕವಳ ಹಾಗೆ ತಲೆಯಾಡಿಸಿ ಓಡಿದಳು.

ಮಕ್ಕಳ ತನಿಖೆ ಶುರುವಾಯಿತು. ಲಗ್ಗೆರೆಯ ನಳದಿಂದ ಹಿಡಿದು ವಠಾರದ ಬೋರಿನವರೆಗೆ ಹದಿನಾಲ್ಕು ಕಡೆಯ ನೀರನ್ನು ಬಾಟಲಿಗಳಲ್ಲಿ ತುಂಬಿ, ಚೀಟಿ ಅಂಟಿಸಿ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಹಳಬರನ್ನು ಕಂಡು ನೀರು ಯಾವಾಗಿನಿಂದ ಬಣ್ಣಕ್ಕೆ ತಿರುಗಿತು ಎಂದು ಕೇಳಿ ಬರೆದುಕೊಂಡರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಬಡಾವಣೆಯ ನಕ್ಷೆ ಬಿಡಿಸಿ, ಪ್ರತಿ ಬೋರಿನ ಜಾಗದಲ್ಲಿ ಅದರದರ ಬಾಟಲಿ ಇಟ್ಟು ನೋಡಿದರು. ಹಾದು ಹೋಗುವಾಗ ನನಗೇ ಕಾಣುತ್ತಿತ್ತು, ಶೆಡ್ಡಿನ ಹತ್ತಿರ ಹೋದಂತೆಲ್ಲ ಹಳದಿ ಗಾಢವಾಗುತ್ತಿತ್ತು. ಶೆಡ್ಡು ಎಂದು ಮಕ್ಕಳು ಹೇಳಿಯೂ ಹೇಳಿದರು. ಮೇಷ್ಟ್ರು ಅಲ್ಲಿಗೂ ಬಿಡಲಿಲ್ಲ. "ಅನುಮಾನ ಬೇರೆ, ಆಧಾರ ಬೇರೆ. ಈ ನೀರಲ್ಲಿರೋದು ಮಣ್ಣೋ, ಬೇರೆ ಏನಾದ್ರೂನೋ? ಹೆಂಗೆ ತಿಳ್ಕೊಳ್ಳೋಣ?" ಎಂದರು.

ಆಂಜಿನಪ್ಪನವರಿಗೆ ಸುದ್ದಿ ಹೋಯಿತು. ಬಂದು ಆಫೀಸಿನಲ್ಲಿ ಕೂತು, ಮೇಷ್ಟ್ರನ್ನು ಕರೆಸಿ, "ಏನ್ ಮೇಷ್ಟ್ರೇ, ಪಾಟ ಬುಟ್ಬುಟ್ಟು ಉಡುಗ್ರು ಕೈಗೆ ಬಾಟ್ಲಿ ಕೊಟ್ಟು ಊರೆಲ್ಲಾ ಸುತ್ತುಸ್ತಾ ಇದ್ದೀರಂತೆ? ನೀರು ನೆಲದಾಗೆ ಬರ್ತದೆ, ಅದುಕ್ಕೆ ನಾನೇನ್ ಮಾಡ್ಲಿ? ಇಂಗೆಲ್ಲ ಮಾಡುದ್ರೆ ಚೆಂದಾಕಿರಾಕಿಲ್ಲ" ಎಂದು ಎದ್ದು ಹೋದರು.

"ನೋಡಿದ್ರಾ? ನಾನು ಬಾಯಿ ಬಿಟ್ಟು ಏನೂ ಹೇಳಿಲ್ಲ, ಆಗ್ಲೇ ಹೆದರಿದ್ದಾರೆ" ಎಂದು ಮೇಷ್ಟ್ರು ನನ್ನ ಕಡೆ ನೋಡಿ ನಕ್ಕರು.

ಅಷ್ಟರಲ್ಲಿ ದಸರಾ ರಜೆ ಬಂತು. 'ನೀರಿನಲ್ಲಿ ಏನಿದೆ?' ಎಂಬ ಪ್ರಶ್ನೆಯನ್ನು ಬೋರ್ಡಿನ ಮೇಲೆ ಹಾಗೇ ಬಿಟ್ಟು ಕ್ಲಾಸಿಗೆ ಬೀಗ ಹಾಕಿದೆವು. ಮೇಷ್ಟ್ರು ಹರಿಹರಕ್ಕೆ ಹೋದರು. ನಾನು ಮನೆಯಲ್ಲಿ ಗೊಂಬೆ ಕೂರಿಸಿದೆ. ಆ ಮೂರು ವಾರದಲ್ಲಿ ಒಂದು ಸಲವೂ ನನಗೆ ಮಹಾಂತಮ್ಮನ ನೆನಪಾಗಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ನಿಜ.

ರಜೆ ಮುಗಿದು ನಾಲ್ಕನೆಯ ದಿನ ಮಕ್ಕಳು ನಾಲ್ಕು ಪಾತ್ರೆ ಇಟ್ಟುಕೊಂಡು ಕೂತರು. ಒಂದರ ನೀರನ್ನು ಬಟ್ಟೆಯಲ್ಲಿ ಸೋಸಿದ್ದರು. ಒಂದಕ್ಕೆ ಕೆಸರು ಇಳಿಸುವ ಪಟಿಕ ಹಾಕಿದ್ದರು. ಒಂದನ್ನು ಎರಡು ದಿನ ಅಲುಗಿಸದೆ ಬಿಟ್ಟಿದ್ದರು. ಯಾವುದರಲ್ಲೂ ಬಣ್ಣ ಹೋಗಿರಲಿಲ್ಲ. ನಾಲ್ಕನೆಯದನ್ನು ಸೀಮೆಎಣ್ಣೆ ಸ್ಟೌವಿನ ಮೇಲೆ ಅರ್ಧಕ್ಕೆ ಇಳಿಯುವವರೆಗೂ ಕುದಿಸಿದರು. ಸೀಮೆಎಣ್ಣೆ ವಾಸನೆಗೆ ಬೈಯೋಣವೆಂದು ನಾನು ಹೋಗಿ ಬಾಗಿಲಲ್ಲಿ ನಿಂತಿದ್ದೆ.

ಕುದಿಸಿದ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿದರು. ಉಳಿದ ಮೂರರ ಪಕ್ಕ ಇಟ್ಟರು. ಅದರ ಹಳದಿ ಎಲ್ಲಕ್ಕಿಂತ ಗಾಢವಾಗಿತ್ತು.

"ಅಂದ್ರೆ?" ಎಂದರು ಮೇಷ್ಟ್ರು. ಅವರ ದನಿಯಲ್ಲಿ ಸಂತೋಷವಿತ್ತು.

"ನೀರು ಮಾತ್ರ ಆವಿಯಾಗಿದೆ ಸಾರ್, ಒಳಗಿರೋದು ಹೋಗಿಲ್ಲ" ಎಂದಿತು ಒಂದು ಮಗು.

"ಕುದಿಸಿದ್ರೆ ಇನ್ನೂ ಜಾಸ್ತಿಯಾಗುತ್ತೆ!" ಎಂದಿತು ಇನ್ನೊಂದು.

"ಭೇಷ್" ಎಂದರು ಮೇಷ್ಟ್ರು.

ಶರಣಮ್ಮ ಎದ್ದು ನಿಂತಳು. "ಸರ್, ನಾ ಅವ್ವಗ ದಿನಾ ಕುದಿಸೇ ಕೊಡಾಕತ್ತೀನ್ರಿ. ಅರ್ಧಕ್ಕ ಇಳಿಯೋಮಟ. ಮಿಸ್ ಹೇಳ್ಯಾರ್ರಿ."

ಮೇಷ್ಟ್ರು ತಿರುಗಿ ಬಾಗಿಲಲ್ಲಿದ್ದ ನನ್ನನ್ನು ನೋಡಿದರು. ಅವರ ಮುಖದಲ್ಲಿದ್ದ ರಕ್ತವೆಲ್ಲ ಇಳಿದು ಹೋಗಿತ್ತು. ತಕ್ಷಣ ಶರಣಮ್ಮನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟರು. ನಾನು ಹಿಂದೆಯೇ ಓಡಿದೆ.

ವಠಾರದಲ್ಲಿ ಮಹಾಂತಮ್ಮ ಇರಲಿಲ್ಲ. ಮಗಳು ಶಾಲೆಗೆ ಹೋದಾಗಿನಿಂದ ವಾಂತಿ ನಿಂತಿಲ್ಲ, ಮೈಯೆಲ್ಲ ಊದಿಕೊಂಡಿತ್ತು, ಅಮರಪ್ಪ ಆಟೋದಲ್ಲಿ ಊರೊಳಗಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ ಎಂದು ಪಕ್ಕದ ಮನೆಯಾಕೆ ಹೇಳಿದಳು. ಒಲೆಯ ಪಕ್ಕ ಒಂದು ತಪ್ಪಲೆ ಇತ್ತು. ಮೇಷ್ಟ್ರು ಮುಚ್ಚಳ ತೆಗೆದು ನೋಡಿ ಮುಚ್ಚಿದರು.

ಎರಡು ದಿನವಾದ ಮೇಲೆ ಸತ್ತ ಮಗು ಹುಟ್ಟಿತು. ಗಂಡು. ಮಹಾಂತಮ್ಮ ಉಳಿದಳು, ಆದರೆ ಅವಳ ಮೂತ್ರಪಿಂಡ ಪೂರ್ತಿ ಸರಿಹೋಗುವುದಿಲ್ಲ ಎಂದರು. ನೀರಿನಿಂದಲೇ ಹೀಗಾಯಿತೇ ಎಂದು ಮೇಷ್ಟ್ರು ಡಾಕ್ಟರನ್ನು ಬೆನ್ನು ಬಿದ್ದು ಕೇಳಿದರು. ಇರಬಹುದು, ಇಲ್ಲದೆಯೂ ಇರಬಹುದು, ಬಸುರಿಯರಿಗೆ ಹೀಗಾಗಲು ನೂರು ಕಾರಣ ಇರುತ್ತವೆ ಎಂದರಂತೆ ಅವರು. ಆ ಪ್ರಶ್ನೆಗೆ ಇವತ್ತಿನವರೆಗೂ ಯಾರೂ ಉತ್ತರ ಹೇಳಿಲ್ಲ.

ಆಂಜಿನಪ್ಪ ಆ ವಾರವೇ ಬೋರಿಗೆ ಬೀಗ ಹಾಕಿ ಟ್ಯಾಂಕರ್ ನೀರು ತರಿಸಿದರು. ಶೆಡ್ಡಿನವರು ಗುಂಡಿ ಮುಚ್ಚಿ ಮೇಲೆ ಕಾಂಕ್ರೀಟು ಹಾಕಿದರು. ಅಮರಪ್ಪನನ್ನು ಕೆಲಸದಿಂದ ಬಿಡಿಸಿದರು. ಅವನ ಮಗಳಿಂದ ಇಷ್ಟೆಲ್ಲ ಆಯಿತು ಎನ್ನುವುದು ಕಾರಣ. ಮೇಷ್ಟ್ರು ಎಲ್ಲೆಲ್ಲಿಗೋ ಅರ್ಜಿ ಬರೆದರು. ಈ ಸಲ ನೀರಲ್ಲಿರುವುದು ಕ್ರೋಮ್ ಎಂದು ಸ್ಪಷ್ಟವಾಗಿ ಬರೆದರು. ಯಾರೋ ಬಂದು ನೀರು ತುಂಬಿಕೊಂಡು ಹೋದರು, ವರದಿ ಬರಲಿಲ್ಲ.

ಡಿಸೆಂಬರಿನ ಸಮಾವೇಶಕ್ಕೆ ಅವರು ಹೋಗಲಿಲ್ಲ. ಪರಿವೀಕ್ಷಕರು ಬಿಡಲಿಲ್ಲ, ಚಾರ್ಟಾದರೂ ಬರಲಿ ಎಂದರು. ಇನ್‌ಚಾರ್ಜ್ ಆಗಿದ್ದವಳು ನಾನು, ಸುತ್ತಿಕೊಂಡು ಹೋದೆ. ಹದಿನಾಲ್ಕು ಬಾಟಲಿಯ ನಕ್ಷೆ, ನಾಲ್ಕು ಪಾತ್ರೆಯ ಚಿತ್ರ, ಮೇಲೆ ಶರಣಮ್ಮನ ದುಂಡು ಅಕ್ಷರ. ಎಲ್ಲರೂ ಸುತ್ತುವರಿದು ಮೆಚ್ಚಿದರು. ಮೂರನೆಯ ಬಹುಮಾನ ಕೊಟ್ಟರು. ವೇದಿಕೆ ಹತ್ತಿ ತೆಗೆದುಕೊಂಡೆ, ಫೋಟೋಕ್ಕೂ ನಿಂತೆ. ಅದಕ್ಕೆ ಯಾರು ಏನು ಬೆಲೆ ತೆತ್ತಿದ್ದಾರೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೇಷ್ಟ್ರು ಆಗಲೇ ಬದಲಾಗಿದ್ದರು. ಕ್ಲಾಸಿನಲ್ಲಿ ಬೆನ್ನು ತಿರುಗಿಸಿ ನಿಂತು ಬೋರ್ಡಿನ ತುಂಬ ನೋಟ್ಸ್ ಬರೆಯುತ್ತಿದ್ದರು, ಮಕ್ಕಳು ಬಾಯಿ ಮುಚ್ಚಿ ಇಳಿಸಿಕೊಳ್ಳುತ್ತಿದ್ದರು. ಯಾರಾದರೂ ಕೈ ಎತ್ತಿದರೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಬಿಡುತ್ತಿದ್ದರು. ಕ್ಲಾಸು ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಎರಡೂವರೆ ವರ್ಷ ನಾನು ಬಯಸಿದ್ದು ಅದನ್ನೇ ಆದರೂ, ನನಗೆ ಆ ಕಡೆ ಹೋಗಲು ಭಯವಾಗುತ್ತಿತ್ತು. ಮುಂದೆ ಅವರು ದಾವಣಗೆರೆಯ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ಅಲ್ಲಿ ಒಳ್ಳೆಯ ನೋಟ್ಸ್ ಕೊಡುವ ಮೇಷ್ಟ್ರು ಎಂದು ಹೆಸರಾಗಿತ್ತು ಎಂದು ಕೇಳಿದೆ.

ಸಂಕ್ರಾಂತಿ ಕಳೆದ ಮೇಲೆ ಅಮರಪ್ಪ ಊರಿಗೆ ಹೊರಟ. ಶರಣಮ್ಮ ಟಿ.ಸಿ. ತೆಗೆದುಕೊಳ್ಳಲು ಬಂದಳು. ಅಪ್ಪ ಗಂಟುಮೂಟೆ ಇಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದ, ಒಳಗೆ ಬರಲಿಲ್ಲ. ನಾನು ಬರೆಯುತ್ತಿದ್ದೆ. ಕ್ಲಾಸ್ ಟೀಚರಿನ ಸಹಿಗಾಗಿ ಮೇಷ್ಟ್ರನ್ನೂ ಕರೆಸಿದ್ದೆ, ಅವರು ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಸಹಿ ಮಾಡಿ ಪೆನ್ನು ಮುಚ್ಚಿದರು.

"ಸರ್, ಒಂದು ಕೇಳ್ಲೇನ್ರಿ?" ಎಂದಳು ಶರಣಮ್ಮ. "ನಾ ಬಾಟ್ಲಿ ತಂದ ದಿನಾನ ನಿಮಗ ಗೊತ್ತಿತ್ತೇನ್ರಿ, ಅದರಾಗ ಏನೈತಂತ?"

ನಿನಗೇನು ಅನ್ನಿಸ್ತದೆ ಎಂದು ಅವರು ಕೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಗೊತ್ತಿತ್ತು" ಎಂದರು ಮೇಷ್ಟ್ರು.

"ಕುಡೀಬಾರ್ದು ಅನ್ನೋದೂ?"

"ಅದೂ ಗೊತ್ತಿತ್ತು."

ಅವಳು ಲೆಕ್ಕ ಹಾಕುವವಳ ಹಾಗೆ ಬೆರಳು ಮಡಿಚಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹೇಳಿದ್ರ ನಾ ಲಗ್ಗೆರಿ ನಳದಿಂದ ಹೊತ್ತು ತರ್ತಿದ್ನೆಲ್ರಿ ಸರ್. ದಿನಾ ಎರಡು ಕೊಡ ತರ್ತಿದ್ದೆ. ನನಗೇನ ಭಾರ ಆಗ್ತಿದ್ದಿಲ್ಲ."

ಮೇಷ್ಟ್ರು ತಲೆ ತಗ್ಗಿಸಿ ಮುಚ್ಚಿದ ಪೆನ್ನನ್ನು ಮತ್ತೆ ತೆರೆದರು. ಶರಣಮ್ಮ ನನ್ನ ಕಡೆ ತಿರುಗಿದಳು.

"ನಿಮಗೂ ಗೊತ್ತಿತ್ತೇನ್ರಿ ಮಿಸ್?"

"ಇಲ್ಲಮ್ಮ" ಎಂದೆ. "ನನಗೇನು ಗೊತ್ತು, ನಾನು ಕನ್ನಡ ಟೀಚರು."

ಮೇಷ್ಟ್ರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಟಿ.ಸಿ.ಗೆ ಸೀಲು ಒತ್ತಿ ಕೊಟ್ಟೆ. ಶರಣಮ್ಮ ಅದನ್ನು ಮಡಿಸಿ ಇಟ್ಟುಕೊಂಡು, ಬಗ್ಗಿ ನನ್ನ ಎರಡೂ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಬರ್ತೀನ್ರಿ ಮಿಸ್" ಎಂದಳು. ಮೇಷ್ಟ್ರ ಕುರ್ಚಿಯ ಪಕ್ಕದಲ್ಲೇ ಹಾದು, ಅವರ ಕಡೆ ನೋಡದೆ, ಅಪ್ಪನ ಹತ್ತಿರ ಹೋದಳು.